ಕಲಿಸುವವನ ಕೈ ಎಲ್ಲಿ ನಿಲ್ಲಬೇಕು?



ವಿದ್ಯಾದಾನವು ಎಲ್ಲ ದಾನಗಳಿಗಿಂತ ಮಿಗಿಲಾದುದೆಂದು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಅನ್ನವನ್ನಿತ್ತರೆ ಒಂದು ಹೊತ್ತಿನ ಹಸಿವು ಹಿಂಗೀತು. ವಿದ್ಯೆಯನ್ನಿತ್ತರೆ ಬಾಳೆಲ್ಲ ಬೆಳಗೀತು. ಈ ಮಾತಿನಲ್ಲಿ ಸಂದೇಹವಿಲ್ಲ. ಆದರೆ 'ದಾನ' ಎಂಬ ಶಬ್ದದ ಬಳಿ ತುಸು ನಿಂತು ವಿಚಾರಿಸಿದಲ್ಲಿ ಒಂದು ತೊಡಕು ಎದುರಾಗುತ್ತದೆ. ಮನುಷ್ಯನು ತನ್ನಲ್ಲಿರುವುದನ್ನು ಮಾತ್ರ ದಾನ ಮಾಡಬಲ್ಲನು. ಗುರುವು ಮಗ್ಗಿಯನ್ನು ಬಲ್ಲನು, ಶಿಷ್ಯನಿಗೆ ಕೊಡುತ್ತಾನೆ. ವ್ಯಾಕರಣವನ್ನು ಬಲ್ಲನು, ಅದನ್ನೂ ಕೊಡುತ್ತಾನೆ. ಆದರೆ ಲೋಕದಲ್ಲಿ ಇನ್ನೂ ಇಲ್ಲದ್ದನ್ನು, ಶಿಷ್ಯನು ಮುಂದೊಮ್ಮೆ ತಾನೇ ಹೊಸದಾಗಿ ಕಂಡು ನಿರ್ಮಿಸಬೇಕಾದುದನ್ನು, ಗುರುವು ಕೊಡುವುದು ಹೇಗೆ? ತನ್ನಲ್ಲಿಲ್ಲದ್ದನ್ನು ದಾನ ಮಾಡುವ ಬಗೆ ಎಂತು? ಸೃಷ್ಟಿಶಕ್ತಿಯನ್ನು ಕಲಿಸಲು ಬರುವುದೇ? ಬಾರದೆಂದಾದರೆ ಆ ವಿಷಯದಲ್ಲಿ ಗುರುವಿನ ಕರ್ತವ್ಯವಾದರೂ ಏನು?

ಇದು ಕೇವಲ ಪಂಡಿತರ ತರ್ಕಕ್ಕೆ ಬಿಡತಕ್ಕ ಪ್ರಶ್ನೆಯಲ್ಲ. ಮನೆಯಲ್ಲಿ ಮಗುವನ್ನು ಬೆಳೆಸುವ ತಾಯಿ, ಗರಡಿಯಲ್ಲಿ ಪಟ್ಟು ಹೇಳಿಕೊಡುವ ಉಸ್ತಾದ, ಅಂಗಡಿಯಲ್ಲಿ ಹುಡುಗನಿಗೆ ಕೆಲಸ ಕಲಿಸುವ ಬಡಗಿ, ಶಾಲೆಯ ಮೇಷ್ಟ್ರು, ಇವರೆಲ್ಲರೂ ದಿನವೂ ಇದಕ್ಕೆ ಏನಾದರೊಂದು ಉತ್ತರವನ್ನು ಕೊಡುತ್ತಲೇ ಇರುತ್ತಾರೆ. ಮಾತಿನಿಂದಲ್ಲ, ತಮ್ಮ ಕೈಯಿಂದ. ಕೆಲವೊಮ್ಮೆ ಆ ಉತ್ತರವು ತಪ್ಪಾಗಿರುತ್ತದೆ. ಈ ಲೇಖಕನು ಕೊಟ್ಟ ಉತ್ತರವೊಂದು ತಪ್ಪಾಗಿದ್ದಿತು. ಅದನ್ನು ಮೊದಲು ನಿವೇದಿಸಿಕೊಳ್ಳುವುದು ಉಚಿತ.

1981ನೆಯ ಇಸವಿ. ಉತ್ತರ ಕರ್ನಾಟಕದ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಶಿಕ್ಷಕನಾಗಿದ್ದೆನು. ಮಣ್ಣೆತ್ತಿನ ಅಮಾವಾಸ್ಯೆ ಸಮೀಪಿಸಿದ್ದಿತು. ಆ ದಿನಗಳಲ್ಲಿ ನಮ್ಮ ಕಡೆಯ ಮಕ್ಕಳ ಕೈಗೆ ಮಣ್ಣು ಹತ್ತುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೈಗೆಲಸದ ವೇಳೆಯಲ್ಲಿ ಎಲ್ಲರೂ ಎತ್ತುಗಳನ್ನು ಮಾಡುತ್ತಿದ್ದರು. ಹಿಂದಿನ ಸಾಲಿನ ಹುಡುಗನೊಬ್ಬನು ಮಾಡಿದ ಎತ್ತು ಮಾತ್ರ ಉಳಿದವುಗಳಂತೆ ಇರಲಿಲ್ಲ. ಅದು ಕೊರಳನ್ನು ಪೂರಾ ಹಿಂದಕ್ಕೆ ಹೊರಳಿಸಿ, ಬೆನ್ನ ಮೇಲೆ ಕುಳಿತ ನೊಣವನ್ನು ಓಡಿಸಲೆಳಸಿದಂತೆ ನಿಂತಿದ್ದಿತು. "ಪೂಜೆಗಿಡುವ ಎತ್ತು ಹೀಗೆ ನಿಲ್ಲುವುದುಂಟೇನೋ?" ಎಂದು ನಾನು ನಕ್ಕು, ಹಸಿಮಣ್ಣು ಆರುವ ಮೊದಲೇ ಅದರ ಕೊರಳನ್ನು ನೆಟ್ಟಗೆ ಮಾಡಿ, ಕೋಡುಗಳನ್ನು ಸಮಗೊಳಿಸಿ, ಡುಬ್ಬವನ್ನು ತಿದ್ದಿ ಕೊಟ್ಟೆನು. ತಾಲೂಕಿನಲ್ಲಿ ನಡೆದ ಪ್ರದರ್ಶನದಲ್ಲಿ ಆ ಎತ್ತಿಗೆ ಬಹುಮಾನವೂ ಬಂದಿತು. ಬಹುಮಾನದ ಪುಸ್ತಕವನ್ನು ಹುಡುಗನಿಗೆ ಕೊಡಹೋದಾಗ ಅವನು ಕೈ ಚಾಚಲಿಲ್ಲ. ತಲೆ ತಗ್ಗಿಸಿ, "ಅದು ನಿಮ್ಮ ಎತ್ತರೀ ಸರ, ನಂದಲ್ಲ" ಎಂದನು.

ಹುಡುಗನ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದ ಸಂಗತಿಯನ್ನು ಇದ್ದಂತೆ ಹೇಳಿದನು, ಅಷ್ಟೆ. ಅನಂತರ ಅವನು ಆ ಶಾಲೆಯಲ್ಲಿದ್ದಷ್ಟು ದಿನವೂ ನಾನು ಹೇಳಿದಂತೆಯೇ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದನು. ನನಗೆ ಭಯ ಹುಟ್ಟಿಸಿದ್ದು ಆ ಅಚ್ಚುಕಟ್ಟೇ. ನಾನು ಅವನಿಗೆ ಏನನ್ನು ಕೊಟ್ಟೆನು, ಏನನ್ನು ಕಸಿದುಕೊಂಡೆನು ಎಂಬ ಲೆಕ್ಕವು ಬಹುಕಾಲ ನನ್ನನ್ನು ಬಾಧಿಸಿತು. ಈ ಪ್ರಶ್ನೆಯನ್ನು ಹೊತ್ತು ಅಲ್ಲಲ್ಲಿ ಓದುತ್ತಿದ್ದಾಗ, ದೂರದ ಜರ್ಮನಿಯಲ್ಲಿ ಹುಟ್ಟಿ ಅಮೇರಿಕೆಯಲ್ಲಿ ಬಾಳಿದ ಒಬ್ಬ ಶಿಕ್ಷಕನ ವೃತ್ತಾಂತವು ನನಗೆ ದೊರೆಯಿತು. ಅವನ ಹೆಸರು ಯೋಸೆಫ್ ಆಲ್ಬರ್ಸ್. ಅವನು ಕಲಿಸಿದ್ದು ವಿನ್ಯಾಸವನ್ನು.

'ವಿನ್ಯಾಸ' ಎಂದೊಡನೆ ಸೀರೆಯ ಸೆರಗಿನ ಬಳ್ಳಿಯನ್ನೋ ರಂಗೋಲಿಯ ಎಳೆಯನ್ನೋ ನಾವು ನೆನೆಯುತ್ತೇವೆ. ಅದು ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ಒಂದು ವಸ್ತುವಿನ ಉಪಯೋಗ, ಅದು ಯಾವುದರಿಂದ ಆಯಿತೋ ಆ ದ್ರವ್ಯ, ಅದು ತಾಳಿದ ಆಕಾರ, ಈ ಮೂರೂ ಒಂದನ್ನೊಂದು ಬಿಟ್ಟಿರದಂತೆ ಹೊಂದಿಸುವುದೇ ವಿನ್ಯಾಸ. ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೇರಿಕದ ದಂಪತಿಗಳು ಭಾರತ ಸರಕಾರದ ಕೋರಿಕೆಯಂತೆ ನಮ್ಮ ದೇಶವನ್ನು ಸುತ್ತಿ 1958ರಲ್ಲಿ ಒಂದು ವರದಿಯನ್ನೊಪ್ಪಿಸಿದರು. ಆ ವರದಿಯ ಫಲವಾಗಿಯೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾಯಿತು. ಭಾರತದಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ಅವರು ಅಗ್ರಸ್ಥಾನವನ್ನಿತ್ತುದು ಯಾವುದಕ್ಕೆಂದು ಬಲ್ಲಿರಾ? ನಮ್ಮ ಮನೆಯ ತಂಬಿಗೆಗೆ! ಅದು ಎಷ್ಟು ನೀರು ಹಿಡಿಯಬೇಕು, ಹಿಡಿಯುವ ಕೈ ಎಷ್ಟು ದೊಡ್ಡದು, ತುಂಬಿದಾಗಲೂ ಬರಿದಾದಾಗಲೂ ತೂಕ ಹೇಗೆ ನಿಲ್ಲಬೇಕು, ಬಗ್ಗಿಸಿದರೆ ನೀರು ಹೇಗೆ ಬೀಳಬೇಕು, ತಿಕ್ಕಿ ತೊಳೆಯಲು ಕೈ ಒಳಗೆ ಹೋಗಬೇಕೇ, ಬೆಲೆಯೆಷ್ಟು, ಇಂತಹ ನೂರು ಪ್ರಶ್ನೆಗಳಿಗೆ ಅದು ಒಂದೇ ಉತ್ತರ. ಆ ಉತ್ತರವನ್ನು ಯಾವ ಒಬ್ಬ ಮಹಾಪುರುಷನೂ ಬರೆದಿಟ್ಟುದಲ್ಲ. ತಲೆಮಾರುಗಳ ಕೈಗಳು ಒಂದೊಂದು ಸಲ ತುಸು ತುಸು ತಿದ್ದಿ ಅದನ್ನು ರೂಪಿಸಿವೆ. ವಿನ್ಯಾಸವೆಂದರೆ ಅಂತಹ ತಿದ್ದುವ ಬುದ್ಧಿ. ಅದನ್ನು ಶಾಲೆಯ ನಾಲ್ಕು ಗೋಡೆಗಳ ನಡುವೆ ಹೇಗೆ ಎಚ್ಚರಗೊಳಿಸಬೇಕೆಂಬುದೇ ಆಲ್ಬರ್ಸನ ಬಾಳಿನ ಪ್ರಶ್ನೆಯಾಗಿದ್ದಿತು.

ಆಲ್ಬರ್ಸನು 1888ರಲ್ಲಿ ಜರ್ಮನಿಯ ಬಾಟ್ರಪ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಮನೆಗಳಿಗೆ ಬಣ್ಣ ಬಳಿಯುವ, ಮರಗೆಲಸವನ್ನೂ ಬಲ್ಲ ಕುಶಲಕರ್ಮಿ. ಬಾಗಿಲಿಗೆ ಬಣ್ಣ ಬಳಿಯುವಾಗ ನಡುವಿನಿಂದ ತೊಡಗಿ ಅಂಚಿನ ಕಡೆಗೆ ಬರಬೇಕು, ಆಗ ಸೋರಿದ ಬಣ್ಣವನ್ನು ಬಳಿಯುತ್ತ ಬರಲಾಗುತ್ತದೆ, ಅಂಗಿಯ ತೋಳೂ ಕೊಳೆಯಾಗದು ಎಂದು ತಂದೆ ಮಗನಿಗೆ ಕಲಿಸಿದ್ದನಂತೆ. ಮಗನು ಜಗತ್ಪ್ರಸಿದ್ಧ ಚಿತ್ರಕಾರನಾದ ಮೇಲೂ ಈ ಪಾಠವನ್ನು ಮರೆಯಲಿಲ್ಲ. 1950ರಿಂದ 1976ರಲ್ಲಿ ತೀರಿಕೊಳ್ಳುವವರೆಗೆ ಅವನು ಚೌಕದೊಳಗೆ ಚೌಕವನ್ನಿರಿಸಿ ರಚಿಸಿದ ಚಿತ್ರಗಳು ಸಾವಿರವನ್ನು ಮೀರುತ್ತವೆ. ಅವುಗಳನ್ನೂ ಅವನು ನಡುವಿನಿಂದಲೇ ಬಳಿಯುತ್ತ ಹೊರಬರುತ್ತಿದ್ದನು. ಕೆಲಸದ ಒಳಗಿನಿಂದಲೇ ಹುಟ್ಟಿದ ವಿವೇಕವಿದು; ಯಾವ ಶಾಸ್ತ್ರಗ್ರಂಥದಿಂದಲೂ ಬಂದುದಲ್ಲ.

ಮೊದಲು ಅವನು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದನು. 1920ರಲ್ಲಿ, ತನ್ನ 32ನೆಯ ವಯಸ್ಸಿನಲ್ಲಿ, ವೈಮಾರ್ ನಗರದಲ್ಲಿದ್ದ ಬೌಹೌಸ್ ಎಂಬ ಶಾಲೆಗೆ ಮತ್ತೆ ವಿದ್ಯಾರ್ಥಿಯಾಗಿ ಸೇರಿದನು. ವಾಲ್ಟರ್ ಗ್ರೋಪಿಯಸ್ ಎಂಬ ವಾಸ್ತುಶಿಲ್ಪಿಯು 1919ರಲ್ಲಿ ಸ್ಥಾಪಿಸಿದ ಆ ಶಾಲೆಯ ಉದ್ದೇಶವು ಕಲೆಗಾರನನ್ನೂ ಕುಶಲಕರ್ಮಿಯನ್ನೂ ಒಂದೇ ಸೂರಿನಡಿ ಕೂಡಿಸುವುದಾಗಿದ್ದಿತು. ಮಹಾಯುದ್ಧದಲ್ಲಿ ಸೋತ ಜರ್ಮನಿ ಆಗ ದಾರಿದ್ರ್ಯದಲ್ಲಿ ಮುಳುಗಿದ್ದಿತು. ಬಣ್ಣ ಕೊಳ್ಳಲು ಹಣವಿಲ್ಲದ ಆಲ್ಬರ್ಸನು ಬೆನ್ನಿಗೆ ಚೀಲವನ್ನು ಕಟ್ಟಿಕೊಂಡು, ಕೈಯಲ್ಲಿ ಸುತ್ತಿಗೆ ಹಿಡಿದು, ಊರ ಹೊರಗಿನ ತಿಪ್ಪೆಗೆ ಹೋಗಿ ಒಡೆದ ಬಾಟಲಿಗಳ ಗಾಜನ್ನು ಆಯ್ದು ತರುತ್ತಿದ್ದನು. ಆ ಚೂರುಗಳನ್ನು ಹೊಂದಿಸಿ ಬೆಳಕಿಗೆ ಹಿಡಿದರೆ ಅವು ಚಿತ್ರಗಳಾಗುತ್ತಿದ್ದವು. ಗೋಡೆಯ ಚಿತ್ರಕಲೆಯನ್ನು ಕಲಿಯಬೇಕೆಂದು ಗುರುಗಳು ಎಚ್ಚರಿಸಿದರೂ ಅವನು ಗಾಜನ್ನು ಬಿಡಲಿಲ್ಲ. ಕಡೆಗೆ ಅವನ ಕೆಲಸವನ್ನು ಕಂಡ ಅದೇ ಗುರುಗಳು ಗಾಜಿನ ಕಾರ್ಯಾಗಾರವನ್ನು ಸ್ಥಾಪಿಸಲು ಅವನಿಗೇ ವಹಿಸಿಕೊಟ್ಟರು. 1923ರಲ್ಲಿ ಹೊಸ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಹೊಣೆಯನ್ನೂ ಒಪ್ಪಿಸಿದರು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ತನ್ನ ಮಾತನ್ನು ಮೀರಿದ ಶಿಷ್ಯನನ್ನು ಆ ಶಾಲೆ ಹೊರಹಾಕಲಿಲ್ಲ. ಮೀರಿದುದರಲ್ಲಿ ಸತ್ವವಿದ್ದುದನ್ನು ಕಂಡು ತಾನೇ ತಲೆಬಾಗಿತು.

ಅವನು ಶಿಕ್ಷಕನಾಗಿ ಹೇಗೆ ನಡೆದುಕೊಂಡನು? ಡೆಸಾವ್ ನಗರಕ್ಕೆ ಶಾಲೆಯು ಸ್ಥಳಾಂತರಗೊಂಡ ಮೇಲಿನ ಒಂದು ತರಗತಿಯ ವೃತ್ತಾಂತವನ್ನು ಅಲ್ಲಿ ವಿದ್ಯಾರ್ಥಿಯಾಗಿದ್ದ ಹಾನೆಸ್ ಬೆಕ್‌ಮನ್ ಬರೆದಿಟ್ಟಿದ್ದಾನೆ. ಆಲ್ಬರ್ಸನು ಒಂದು ಹೊರೆ ಹಳೆಯ ವೃತ್ತಪತ್ರಿಕೆಗಳೊಂದಿಗೆ ಒಳಬಂದು ಎಲ್ಲರಿಗೂ ಹಂಚಿದನು. ನಾವು ಬಡವರು, ಸಾಮಗ್ರಿಯನ್ನಾಗಲಿ ಕಾಲವನ್ನಾಗಲಿ ಹಾಳು ಮಾಡುವಂತಿಲ್ಲ; ಈ ಕಾಗದವು ಈಗ ಇರುವುದಕ್ಕಿಂತ ಹೆಚ್ಚಿನದೇನಾದರೂ ಆಗುವಂತೆ ಮಾಡಿರಿ; ಕಾಗದದ ಸ್ವಭಾವವನ್ನು ಗೌರವಿಸಿರಿ; ಸಾಧ್ಯವಾದರೆ ಕತ್ತರಿ, ಚಾಕು, ಅಂಟು ಯಾವುದನ್ನೂ ಬಳಸದಿರಿ. ಇಷ್ಟು ಹೇಳಿ ಹೊರಟುಹೋದನು. ಕೆಲವು ತಾಸುಗಳ ತರುವಾಯ ಮರಳಿ ಬಂದಾಗ ನೆಲದ ಮೇಲೆ ದೋಣಿ, ಕೋಟೆ, ವಿಮಾನ, ಪ್ರಾಣಿ, ಮುಖವಾಡಗಳು ಹರಡಿದ್ದವು. ಅವೆಲ್ಲ ಶಿಶುವಿಹಾರದ ಆಟಿಕೆಗಳು, ಅವನ್ನು ಬೇರೆ ಸಾಮಗ್ರಿಯಲ್ಲಿ ಇನ್ನೂ ಚೆನ್ನಾಗಿ ಮಾಡಬಹುದಿತ್ತು ಎಂದನು. ಬಳಿಕ ಹಂಗೇರಿಯ ತರುಣನೊಬ್ಬನ ಕೆಲಸವನ್ನು ತೋರಿಸಿದನು. ಆ ತರುಣನು ಹಾಳೆಯನ್ನು ಉದ್ದಕ್ಕೆ ಮಡಿಸಿ, ರೆಕ್ಕೆ ತೆರೆದ ಹಾಗೆ ನಿಲ್ಲಿಸಿದ್ದನು. ಅಷ್ಟೇ! ಮೆತ್ತಗಿನ ಕಾಗದಕ್ಕೆ ಒಂದು ಮಡಿಕೆ ಬಿದ್ದೊಡನೆ ಅದು ಬಿರುಸಾಯಿತು. ತೀರ ತೆಳುವಾದ ತನ್ನ ಅಂಚಿನ ಮೇಲೆಯೇ ನಿಂತಿತು. ಮೇಜಿನ ಮೇಲೆ ಮಲಗಿದ್ದಾಗ ಒಂದೇ ಮುಖ ಕಾಣುತ್ತಿದ್ದುದು ಈಗ ಎರಡೂ ಮುಖಗಳಿಂದ ಕಂಡಿತು. ಕಾಗದವು ಏನಾಗಬಲ್ಲದೆಂದು ಕಾಗದವನ್ನೇ ಕೇಳಿದವನು ಅವನೊಬ್ಬನೇ ಎಂಬುದು ಗುರುವಿನ ಅಭಿಪ್ರಾಯ.

ಈ ಪಾಠದಲ್ಲಿ ಮೂರು ಅಂಗಗಳಿವೆ. ಮೊದಲನೆಯದು ಮಿತಿ: ಕಾಗದವೊಂದೇ, ಉಪಕರಣವಿಲ್ಲ. ಎರಡನೆಯದು ಗುರುವಿನ ಗೈರುಹಾಜರಿ. ಅವನು ಕೋಣೆಯಲ್ಲಿಯೇ ಇದ್ದಿದ್ದರೆ ವಿದ್ಯಾರ್ಥಿಗಳ ಕಣ್ಣು ಕಾಗದದ ಮೇಲಿರುತ್ತಿರಲಿಲ್ಲ, ಗುರುವಿನ ಮುಖದ ಮೇಲಿರುತ್ತಿತ್ತು. ಮೂರನೆಯದು ಮರಳಿ ಬಂದು ಎಲ್ಲರೆದುರು ನಡೆಸಿದ ವಿಮರ್ಶೆ. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಪಾಠವು ಕೆಡುತ್ತದೆ. ಮಿತಿಯಿಲ್ಲದಿದ್ದರೆ ಶಿಷ್ಯನು ಬಲ್ಲುದನ್ನೇ ಮತ್ತೆ ಮಾಡುತ್ತಾನೆ. ಗುರುವು ದೂರ ಸರಿಯದಿದ್ದರೆ ಗುರುವು ಬಲ್ಲುದನ್ನು ಮಾಡುತ್ತಾನೆ. ವಿಮರ್ಶೆಯಿಲ್ಲದಿದ್ದರೆ ತಾನು ಮಾಡಿದುದೇನೆಂಬುದು ಅವನಿಗೇ ತಿಳಿಯದೆ ಹೋಗುತ್ತದೆ.

ಇಲ್ಲಿ ವಿಚಾರಶೀಲರಾದ ತಾವು ಒಂದು ಆಕ್ಷೇಪವನ್ನೆತ್ತಬಹುದು. ಸೃಷ್ಟಿಗೆ ಬೇಕಾದುದು ಸ್ವಾತಂತ್ರ್ಯವಲ್ಲವೇ? ಕತ್ತರಿಯನ್ನೂ ಅಂಟನ್ನೂ ಕಿತ್ತುಕೊಂಡು ಸೃಷ್ಟಿಸೆಂದರೆ ಅದು ಕೈ ಕಟ್ಟಿ ಈಜೆಂದಂತೆ ಆಗಲಿಲ್ಲವೇ? ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಮಿತಿಗಳಲ್ಲಿ ಎರಡು ಬಗೆಯುಂಟು. ಉತ್ತರ ಇಂತಹುದೇ ಆಗಬೇಕೆಂದು ಕಟ್ಟಿಡುವ ಮಿತಿ ಒಂದು. ದಾರಿಯನ್ನು ಕಿರಿದು ಮಾಡಿ ಉತ್ತರವನ್ನು ತೆರೆದಿಡುವ ಮಿತಿ ಇನ್ನೊಂದು. ನಾನು ಆ ಹುಡುಗನ ಎತ್ತಿಗೆ ಹಾಕಿದ್ದು ಮೊದಲನೆಯ ಬಗೆಯದು: ಎತ್ತು ಹೀಗೆಯೇ ನಿಲ್ಲಬೇಕು. ಆಲ್ಬರ್ಸನು ಹಾಕಿದ್ದು ಎರಡನೆಯ ಬಗೆಯದು: ಕಾಗದವೊಂದೇ, ಏನಾದರೂ ಆಗಲಿ. ಮೊದಲನೆಯದು ಶಿಷ್ಯನ ಬುದ್ಧಿಗೆ ಬೀಗ ಹಾಕುತ್ತದೆ. ಎರಡನೆಯದು ಹಳೆಯ ರೂಢಿಗೆ ಬೀಗ ಹಾಕಿ ಬುದ್ಧಿಯನ್ನು ಹೊರಗೆ ಕಳಿಸುತ್ತದೆ. ಷಟ್ಪದಿಯು ತನ್ನ ಕಟ್ಟನ್ನು ಒಪ್ಪಿಯೇ ಹೊಸದನ್ನು ನುಡಿಯಿತೆಂಬುದು ಕನ್ನಡಿಗರಿಗೆ ತಿಳಿಯದ ಸಂಗತಿಯೇನಲ್ಲ. ಆದ್ದರಿಂದ ಶಿಸ್ತು ಮತ್ತು ಸ್ವಾತಂತ್ರ್ಯ ಪರಸ್ಪರ ವೈರಿಗಳೆಂಬ ಭಾವನೆಯನ್ನು ನಾವು ಪುನಃ ಪರೀಕ್ಷಿಸಬೇಕಾಗಿದೆ.

ಕಾಲಚಕ್ರ ಉರುಳಿತು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಬರ್ಲಿನ್ನಿಗೆ ಬಂದು ನೆಲೆಸಿದ್ದ ಬೌಹೌಸ್ ಶಾಲೆಗೆ ಪೋಲೀಸರು ಮುತ್ತಿಗೆ ಹಾಕಿದರು. ಅದೇ ವರ್ಷ ಅಧ್ಯಾಪಕರು ಅದನ್ನು ಮುಚ್ಚಿದರು. ಆಲ್ಬರ್ಸನ ಪತ್ನಿ, ನೇಯ್ಗೆಯ ಕಲಾವಿದೆ ಆನಿ, ಯಹೂದಿ ಮನೆತನದವಳು. ದಂಪತಿಗಳು ಆ ವರ್ಷದ ಕೊನೆಯಲ್ಲಿ ಅಮೇರಿಕದ ನಾರ್ತ್ ಕೆರೊಲಿನಾ ಪ್ರಾಂತದಲ್ಲಿ ಅದೇ ಆಗ ತೊಡಗಿದ್ದ ಬ್ಲ್ಯಾಕ್ ಮೌಂಟನ್ ಕಾಲೇಜಿಗೆ ಬಂದು ಸೇರಿದರು. ಆಲ್ಬರ್ಸನಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ನಿನ್ನ ಕೆಲಸವೇನೆಂದು ಕೇಳಿದಾಗ, ಕಣ್ಣು ತೆರೆಯಿಸುವುದೆಂಬ ಅರ್ಥದ ಎರಡು ಮಾತನ್ನಷ್ಟೇ ಆಡಿದನೆಂದು ಹೇಳುತ್ತಾರೆ. ಅವನ ಶಿಕ್ಷಣದ ಸಾರವೆಲ್ಲ ಆ ಮುರುಕು ಮಾತಿನಲ್ಲಿಯೇ ಅಡಗಿದೆ.

ಕಣ್ಣು ಸ್ವಭಾವತಃ ತೆರೆದೇ ಇರುವಾಗ ಅದನ್ನು ಮತ್ತೆ ತೆರೆಯಿಸುವುದೆಂದರೇನು? ತಾವು ಮನೆಯಲ್ಲಿಯೇ ಒಂದು ಪ್ರಯೋಗವನ್ನು ಮಾಡಿ ನೋಡಿರಿ. ಬೂದು ಬಣ್ಣದ ಒಂದು ಕಾಗದದಿಂದ ಎರಡು ಸಣ್ಣ ತುಂಡುಗಳನ್ನು ಕತ್ತರಿಸಿ, ಒಂದನ್ನು ಕರಿಯ ಹಾಳೆಯ ನಡುವೆಯೂ ಇನ್ನೊಂದನ್ನು ಬಿಳಿಯ ಹಾಳೆಯ ನಡುವೆಯೂ ಇರಿಸಿರಿ. ಕಪ್ಪಿನ ಮೇಲಿರುವುದು ತಿಳಿಯಾಗಿಯೂ ಬಿಳಿಯ ಮೇಲಿರುವುದು ಗಾಢವಾಗಿಯೂ ತೋರುತ್ತವೆ. ಎರಡೂ ಒಂದೇ ಕಾಗದವೆಂದು ಬಲ್ಲ ತಮ್ಮ ಕಣ್ಣೇ ಅದನ್ನು ಒಪ್ಪುವುದಿಲ್ಲ. ಬಿಸಿನೀರಿನಲ್ಲಿ ಒಂದು ಕೈಯನ್ನೂ ತಣ್ಣೀರಿನಲ್ಲಿ ಇನ್ನೊಂದು ಕೈಯನ್ನೂ ಕೆಲಕಾಲ ಇಟ್ಟು, ಬಳಿಕ ಎರಡನ್ನೂ ಉಗುರುಬೆಚ್ಚಗಿನ ನೀರಿಗೆ ಇಳಿಸಿದರೆ ಒಂದೇ ನೀರು ಒಂದು ಕೈಗೆ ತಂಪಾಗಿಯೂ ಇನ್ನೊಂದಕ್ಕೆ ಬಿಸಿಯಾಗಿಯೂ ತೋರುವಂತೆಯೇ ಇದು. ಆಲ್ಬರ್ಸನು 1950ರಿಂದ ಯೇಲ್ ವಿಶ್ವವಿದ್ಯಾಲಯದಲ್ಲಿ ಬೋಧಿಸಿದಾಗ ಇಂತಹ ಅಭ್ಯಾಸಗಳೇ ಅವನ ಬಣ್ಣದ ಪಾಠಗಳಾಗಿದ್ದವು. ಒಂದು ಬಣ್ಣ ಎರಡಾಗಿ ಕಾಣುವಂತೆ ಮಾಡಿರಿ. ಎರಡು ಬಣ್ಣ ಒಂದಾಗಿ ಕಾಣುವಂತೆ ಮಾಡಿರಿ. ಕುಂಚವಿಲ್ಲ, ಕಲಸುವುದಿಲ್ಲ, ಬಣ್ಣದ ಕಾಗದದ ಚೂರುಗಳು ಸಾಕು. ಕಾಗದವಾದರೆ ಇಟ್ಟು ನೋಡಬಹುದು, ತೆಗೆದು ಇನ್ನೊಂದನ್ನಿಡಬಹುದು. ತಪ್ಪಿದರೆ ಏನೂ ಹಾಳಾಗುವುದಿಲ್ಲ. ತಪ್ಪು ಮಾಡಲು ಹೆದರದ ಕೈಯಷ್ಟೇ ಹುಡುಕಬಲ್ಲುದು.

ಈ ಅಭ್ಯಾಸದ ಫಲವು ಕೇವಲ ಬಣ್ಣದ ಜ್ಞಾನವೆಂದು ನಾನು ತಿಳಿಯುವುದಿಲ್ಲ. ಕಂಡುದೆಲ್ಲ ಇದ್ದುದಲ್ಲವೆಂಬುದನ್ನು ಒಂದು ಚೂರು ಬೂದುಕಾಗದದಿಂದ ಮನಗಂಡವನು ಮನುಷ್ಯರ ವಿಷಯದಲ್ಲಿಯೂ ಆತುರದ ತೀರ್ಪನ್ನು ಕೊಡಲಾರನು. ಯಾವುದರ ಪಕ್ಕದಲ್ಲಿ ಯಾವುದನ್ನಿಟ್ಟು ನೋಡಿದೆವೆಂಬುದರ ಮೇಲೆ ನಮ್ಮ ನೋಟವು ನಿಂತಿದೆ. ಜಾಣನೆಂದು ಹೆಸರಾದ ಅಣ್ಣನ ಪಕ್ಕದಲ್ಲಿ ಕುಳಿತ ತಮ್ಮನು ನಮಗೆ ಮಂಕಾಗಿ ಕಾಣುತ್ತಾನೆ. ಇನ್ನೊಂದು ಕಡೆ ಕುಳ್ಳಿರಿಸಿದರೆ ಅವನೇ ಹೊಳೆಯುತ್ತಾನೆ. ತನ್ನ ಕಣ್ಣನ್ನು ತಾನೇ ಸಂದೇಹಿಸುವ ವಿನಯವೇ ಸೃಜನಶೀಲತೆಯ ಮೊದಲ ಮೆಟ್ಟಿಲು. 'ಎತ್ತು ಹೀಗೆ ನಿಲ್ಲುವುದುಂಟೇ?' ಎಂದು ಕೇಳಿದ ಮೇಷ್ಟ್ರಿನಲ್ಲಿ ಇಲ್ಲದೆಹೋದುದು ಆ ವಿನಯವೇ. ಬೆನ್ನ ಮೇಲಿನ ನೊಣವನ್ನು ಓಡಿಸಲು ಎತ್ತು ಕೊರಳು ಹೊರಳಿಸುವುದನ್ನು ನಾನು ಹುಟ್ಟಿದಂದಿನಿಂದ ಸಾವಿರ ಸಲ ನೋಡಿದ್ದೆನು. ಕಂಡವನು ಮಾತ್ರ ಆ ಹುಡುಗ.

ಆಲ್ಬರ್ಸನು ದೋಷವಿಲ್ಲದ ಮಹಾತ್ಮನಾಗಿದ್ದನೆಂದು ಚಿತ್ರಿಸುವುದು ಈ ಲೇಖನದ ಉದ್ದೇಶವಲ್ಲ. ಅವನು ಕಠಿನ ಗುರು. ಅವನ ವಿಮರ್ಶೆ ಹಲವರನ್ನು ನೋಯಿಸಿತು. 1948ರಲ್ಲಿ ರಾಬರ್ಟ್ ರೌಶೆನ್‌ಬರ್ಗ್ ಎಂಬ ತರುಣನು ಅವನ ಶಿಸ್ತಿನ ಖ್ಯಾತಿಯನ್ನು ಕೇಳಿಯೇ ಬ್ಲ್ಯಾಕ್ ಮೌಂಟನ್ನಿಗೆ ಬಂದನು. ಗುರುವು ಅವನ ಕೆಲಸವನ್ನು ಮೆಚ್ಚಲಿಲ್ಲ. ತರಗತಿಯಲ್ಲಿ ಕಟುವಾಗಿ ನಡೆದುಕೊಂಡನು. ಶಿಷ್ಯನು ಮುಂದೆ ಗುರುವಿನ ಮಾರ್ಗಕ್ಕೆ ನೇರ ವಿರುದ್ಧವಾದ ಕಲೆಯನ್ನೇ ಕೈಗೊಂಡು, 1964ರಲ್ಲಿ ವೆನಿಸ್ ನಗರದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಚಿತ್ರಕಲೆಯ ಮಹಾಪ್ರಶಸ್ತಿಯನ್ನು ಪಡೆದನು. ಆದರೂ ತನಗೆ ದೊರೆತ ಗುರುಗಳಲ್ಲಿ ಅತ್ಯಂತ ಮುಖ್ಯನಾದವನು ಆಲ್ಬರ್ಸನೇ ಎಂದು ಅವನು ಹೇಳುತ್ತಿದ್ದನು. ಇದನ್ನು ಹೇಗೆ ಅರ್ಥೈಸಬೇಕು? ಕಾಠಿಣ್ಯವೇ ಒಳ್ಳೆಯದಾಯಿತೆಂದು ಕೆಲವರು ಹೇಳಿಯಾರು. ನಾನು ಆ ಮಾತನ್ನು ಒಪ್ಪಲಾರೆ. ನೋವನ್ನುಂಡೂ ಬೆಳೆದವರು ಕಣ್ಣಿಗೆ ಬೀಳುತ್ತಾರೆ. ನೋವಿನಿಂದ ಬಾಡಿದವರ ಹೆಸರು ಯಾವ ಚರಿತ್ರೆಯಲ್ಲಿಯೂ ಬರುವುದಿಲ್ಲ. ರೌಶೆನ್‌ಬರ್ಗನಿಗೆ ಉಪಕಾರವಾದುದು ಗುರುವಿನ ಸಿಡುಕಿನಿಂದಲ್ಲ. ಯಾವ ವಸ್ತುವನ್ನೂ ಕಣ್ಣಿಟ್ಟು ನೋಡಬೇಕೆಂದು ಅವನು ಕಲಿಸಿದ ಪಾಠದಿಂದ. ಆ ಪಾಠವನ್ನು ಹಿಡಿದು ಶಿಷ್ಯನು ಗುರುವಿಲ್ಲದ ಕಡೆಗೆ ನಡೆದನು.

ಇನ್ನೊಬ್ಬ ಶಿಷ್ಯೆಯ ಕಥೆ ಬೇರೆ. ರೂತ್ ಅಸಾವಾ 1926ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಜಪಾನೀ ಮೂಲದ ರೈತರ ಮನೆಯಲ್ಲಿ ಹುಟ್ಟಿದವಳು. ಯುದ್ಧಕಾಲದಲ್ಲಿ, 1942ರಲ್ಲಿ, ಜಪಾನೀ ಮೂಲದವರೆಂಬ ಒಂದೇ ಕಾರಣಕ್ಕೆ ಅಮೇರಿಕ ಸರಕಾರವು ಅವಳನ್ನೂ ಅವಳ ಒಡಹುಟ್ಟಿದವರನ್ನೂ ತಾಯಿಯನ್ನೂ ಬಂಧನದಲ್ಲಿಟ್ಟಿತು. ಮೊದಲ ಕೆಲವು ತಿಂಗಳು ಅವರು ಕುದುರೆಲಾಯದಲ್ಲಿ ವಾಸಿಸಬೇಕಾಯಿತು. ಶಿಕ್ಷಕಿಯಾಗಲು ಓದಿದರೂ ಜನಾಂಗದ್ವೇಷದ ದೆಸೆಯಿಂದ ಅವಳಿಗೆ ಶಾಲೆಯಲ್ಲಿ ತರಬೇತಿಯ ಅವಕಾಶ ಸಿಗಲಿಲ್ಲ. 1946ರಲ್ಲಿ ಅವಳು ಬ್ಲ್ಯಾಕ್ ಮೌಂಟನ್ನಿಗೆ ಬಂದು ಮೂರು ವರ್ಷ ಆಲ್ಬರ್ಸನ ಬಳಿ ಕಲಿತಳು. ಮೆಕ್ಸಿಕೋ ದೇಶದ ಬುಟ್ಟಿ ಹೆಣೆಯುವವರಿಂದ ತಂತಿಯನ್ನು ಕುಣಿಕೆ ಕುಣಿಕೆಯಾಗಿ ಹೆಣೆಯುವುದನ್ನು ಕಲಿತು, ಆ ಒಂದೇ ಎಳೆಯಿಂದ ಒಳಹೊರಗು ಎರಡೂ ಕಾಣುವ ಶಿಲ್ಪಗಳನ್ನು ನಿರ್ಮಿಸಿದಳು. ಅನಂತರ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 1968ರಲ್ಲಿ ಸಾಮಾನ್ಯ ಶಾಲೆಗಳ ಮಕ್ಕಳಿಗಾಗಿ ಕಲಾಶಿಬಿರವೊಂದನ್ನು ಜೊತೆಗಾರರೊಡನೆ ಆರಂಭಿಸಿದಳು. ಹಾಲಿನ ಖಾಲಿ ಪೆಟ್ಟಿಗೆಗಳು, ಹಿಟ್ಟು ಉಪ್ಪು ನೀರು ಕಲಸಿದ ಕಣಕ, ಇವೇ ಅಲ್ಲಿ ಸಾಮಗ್ರಿಗಳು. ಅದೇ ನಗರದ ಒಂದು ಕಾರಂಜಿಗಾಗಿ ಮಕ್ಕಳೂ ಹಿರಿಯರೂ ಆ ಕಣಕದಲ್ಲಿ ತಿದ್ದಿದ ಆಕೃತಿಗಳನ್ನು ಅವಳು ಕಂಚಿನಲ್ಲಿ ಎರಕ ಹೊಯ್ಯಿಸಿದಳು. ಗಮನಿಸಿರಿ: ಮಕ್ಕಳ ಕೈಯ ಗುರುತು ಇದ್ದಂತೆಯೇ ಕಂಚಾಯಿತು. ಯಾರ ಎತ್ತಿನ ಕೊರಳನ್ನೂ ಅವಳು ನೆಟ್ಟಗೆ ಮಾಡಲಿಲ್ಲ.

ಒಬ್ಬ ಶಿಷ್ಯನು ವಿರುದ್ಧ ದಿಕ್ಕಿಗೆ ನಡೆದನು. ಒಬ್ಬಳು ಗುರುವಿನ ದಾರಿಯನ್ನೇ ಮಕ್ಕಳ ಕಡೆಗೆ ತಿರುಗಿಸಿದಳು. ಇಬ್ಬರಲ್ಲಿ ಯಾರೊಬ್ಬರೂ ಚೌಕದೊಳಗೆ ಚೌಕವನ್ನು ಬರೆಯುವ ಇನ್ನೊಬ್ಬ ಆಲ್ಬರ್ಸರಾಗಲಿಲ್ಲ. ಗುರುವಿನ ಪಡಿಯಚ್ಚುಗಳು ಎಷ್ಟು ಮಂದಿ ಎಂದು ಎಣಿಸುವುದು ಗುರುವಿನ ಹಿರಿಮೆಯ ಅಳತೆಗೋಲಾಗಲಾರದು. 1963ರಲ್ಲಿ ಬಣ್ಣಗಳ ಪರಸ್ಪರ ವರ್ತನೆಯನ್ನು ಕುರಿತ ತನ್ನ ಮಹಾಗ್ರಂಥವನ್ನು ಪ್ರಕಟಿಸಿದಾಗ ಆಲ್ಬರ್ಸನು ಅದನ್ನು ಅರ್ಪಿಸಿದ್ದು ತನ್ನ ವಿದ್ಯಾರ್ಥಿಗಳಿಗೆ, ಕೃತಜ್ಞತೆಯ ರೂಪದಲ್ಲಿ. ಅದರಲ್ಲಿನ ಉದಾಹರಣೆಗಳು ಬಹುಪಾಲು ವಿದ್ಯಾರ್ಥಿಗಳು ತರಗತಿಯಲ್ಲಿ ಮಾಡಿದವೇ. ಶಿಷ್ಯರು ಗುರುವಿಗೆ ಋಣಿಗಳೆಂಬುದು ಲೋಕರೂಢಿ. ಗುರುವೇ ಶಿಷ್ಯರಿಗೆ ಋಣಿಯೆಂದು ಬರೆದುಕೊಟ್ಟ ಉದಾಹರಣೆಗಳು ವಿರಳ.

ಇನ್ನು ಕಟ್ಟಕಡೆಯ, ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ. ಗುರುವು ಕೈ ಹಿಂದೆಗೆಯಬೇಕೆಂಬುದು ಸೋಮಾರಿ ಶಿಕ್ಷಕನಿಗೆ ಸೊಗಸಾದ ನೆಪವಾಗುವುದಿಲ್ಲವೇ? 'ಮಗುವಿನ ಪ್ರತಿಭೆ ತಾನೇ ಅರಳಲಿ' ಎಂದು ಹೇಳಿ ಕುರ್ಚಿಯಲ್ಲಿ ತೂಕಡಿಸುವವನಿಗೂ ಆಲ್ಬರ್ಸನಿಗೂ ಭೇದವೇನು? ಭೇದವಿದೆ. ನಮ್ಮ ಹಳ್ಳಿಗಳಲ್ಲಿ ಮಕ್ಕಳು ಬಾವಿಯಲ್ಲಿ ಈಜು ಕಲಿಯುತ್ತಿದ್ದುದನ್ನು ನೆನೆದುಕೊಳ್ಳಿರಿ. ಒಣಗಿದ ಸೋರೆ ಬುರುಡೆಯನ್ನು ಬೆನ್ನಿಗೆ ಕಟ್ಟಿ ಹುಡುಗನನ್ನು ನೀರಿಗಿಳಿಸಿ ಹಿರಿಯನು ಮೆಟ್ಟಿಲ ಮೇಲೆ ನಿಲ್ಲುತ್ತಿದ್ದನು. ಹುಡುಗನ ಪರವಾಗಿ ತಾನು ಈಜುತ್ತಿರಲಿಲ್ಲ, ಮನೆಗೂ ಹೋಗುತ್ತಿರಲಿಲ್ಲ. ಬುರುಡೆಯನ್ನು ಕಟ್ಟುವುದೂ ಅವನದೇ ಕೆಲಸ, ಯಾವ ದಿನ ಬಿಚ್ಚಬೇಕೆಂದು ತಿಳಿಯುವುದೂ ಅವನದೇ ಕೆಲಸ. ಕಣ್ಣು ಮಾತ್ರ ಒಂದು ಕ್ಷಣವೂ ನೀರಿನಿಂದ ಕದಲುತ್ತಿರಲಿಲ್ಲ. ವೃತ್ತಪತ್ರಿಕೆಯನ್ನು ಹಂಚಿ ಹೊರಟ ಆಲ್ಬರ್ಸನು ಮರಳಿ ಬಂದು ಒಂದೊಂದು ಕೆಲಸವನ್ನೂ ನೋಡಿದನೆಂಬುದನ್ನು ಮರೆಯಬಾರದು. ಕೈಯನ್ನು ಹಿಂದೆಗೆದವನು ಕಣ್ಣನ್ನು ಹಿಂದೆಗೆಯಲಿಲ್ಲ. ಕೈಯನ್ನೂ ಕಣ್ಣನ್ನೂ ಎರಡನ್ನೂ ಹಿಂದೆಗೆದರೆ ಅದು ನಿರ್ಲಕ್ಷ್ಯ. ಎರಡನ್ನೂ ಮುಂದೆ ಚಾಚಿದರೆ ಅದು ಆಕ್ರಮಣ. ಕೈಯನ್ನು ತಡೆದು ಕಣ್ಣನ್ನಿಡುವುದೇ ಶಿಕ್ಷಣ. ಹಾಗೆ ತಡೆಯುವುದು ತಿದ್ದುವುದಕ್ಕಿಂತಲೂ ಶ್ರಮದ ಕೆಲಸವೆಂಬುದನ್ನು ಮಾಡಿ ನೋಡಿದವರು ಬಲ್ಲರು.

ಹಾಗಾದರೆ ಮೊದಲ ಪ್ರಶ್ನೆಗೆ ನಮಗೆ ದೊರೆತ ಉತ್ತರವೇನು? ಸೃಷ್ಟಿಶಕ್ತಿಯು ದಾನದ ವಸ್ತುವಲ್ಲ. ಗುರುವು ಅದನ್ನು ಕೊಡಲಾರನು, ಆದರೆ ಕಸಿದುಕೊಳ್ಳಬಲ್ಲನು. ಕೊಡಲಾಗದ, ಆದರೆ ಕಸಿಯಬಹುದಾದ ವಸ್ತುವಿನ ಮುಂದೆ ಮನುಷ್ಯನು ಹೇಗೆ ನಡೆದುಕೊಳ್ಳುತ್ತಾನೆಂಬುದು ಕುಶಲತೆಯ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ. ಮಗುವಿನ ಕೈಯಲ್ಲಿ ಆಗತಾನೆ ಮೂಡುತ್ತಿರುವ ಆಕಾರವು ನಮ್ಮದಲ್ಲ. ಅದರ ಕಾವಲಿಗೆ ನಾವು ನಿಂತಿದ್ದೇವೆ, ಅಷ್ಟೆ. ಕಾವಲುಗಾರನು ಒಡೆಯನಂತೆ ವರ್ತಿಸಿದರೆ ಅದಕ್ಕೆ ಲೋಕದಲ್ಲಿ ಬೇರೆ ಹೆಸರಿದೆ.

ಇದನ್ನೋದುವ ತಮ್ಮಲ್ಲಿ ಅನೇಕರು ಗುರುಗಳ ಆಶ್ರಯದಲ್ಲಿ ಓದಿ ಬೆಳೆದವರು. ಇಂದು ತಾವೇ ತಂದೆತಾಯಿಗಳು, ಅಜ್ಜ ಅಜ್ಜಿಯರು, ಶಿಕ್ಷಕರು. ತಮ್ಮಲ್ಲಿ ಒಂದು ವಿನಂತಿ. ಮನೆಯ ಮಗುವು ಏನಾದರೊಂದನ್ನು ಬರೆದೋ ಮಡಿಸಿಯೋ ತಿದ್ದಿಯೋ ತಂದು ತೋರಿಸಿದಾಗ, 'ಭೇಷ್' ಎನ್ನುವ ಮುನ್ನ, 'ಹೀಗಲ್ಲ' ಎನ್ನುವ ಮುನ್ನವೂ, ಒಂದು ಗಳಿಗೆ ಸುಮ್ಮನೆ ನೋಡಿರಿ. ಆ ಬಳಿಕ, 'ಇದನ್ನು ಹೇಗೆ ಮಾಡಿದೆ? ಇಲ್ಲೇಕೆ ಹೀಗೆ ತಿರುಗಿಸಿದೆ?' ಎಂದು ಕೇಳಿರಿ. ಉತ್ತರವನ್ನು ಕಿವಿಗೊಟ್ಟು ಕೇಳಿರಿ. ಇದಕ್ಕೆ ಹಣ ಬೇಡ, ಕುಂಚ ಬಣ್ಣಗಳು ಬೇಡ. ರದ್ದಿ ಕಾಗದವೂ ಕೆರೆಯ ಮಣ್ಣೂ ಸಾಕು. ಬೇಕಾದುದು ನಮ್ಮ ಕೈಗೆ ನಾವೇ ಹಾಕಿಕೊಳ್ಳುವ ಕಡಿವಾಣ.

1981ರ ಆ ಹುಡುಗನಿಗೆ ಅಂದು ನಾನು ಕೇಳಬೇಕಾಗಿದ್ದುದು ಒಂದೇ ಮಾತು: "ಎತ್ತು ಏನನ್ನು ನೋಡಾಕತ್ತೈತೋ ತಮ್ಮಾ?" ಕೇಳಿದ್ದರೆ ನೊಣದ ಮಾತನ್ನು ಅವನೇ ಹೇಳುತ್ತಿದ್ದನು, ಹೇಳುತ್ತ ಹೇಳುತ್ತ ನೊಣವನ್ನೂ ಮಾಡಿ ಕೂರಿಸುತ್ತಿದ್ದನೋ ಏನೋ. ಆ ಮಾತನ್ನು ನಾನು ಕೇಳಲಿಲ್ಲ. ತಾವಾದರೂ ತಮ್ಮ ಮಕ್ಕಳನ್ನು ಕೇಳಿರಿ.